ಸಪಾಟಾದ ಎರೆಭೂಮಿಯ ನದಿದಂಡೆಗೆ 20 ಮೀಟರ್ ಅಂತರದ ನಕ್ಷೆ ಸಾಲುವುದೇ?

ಪ್ರಶ್ನೆ (ಅಕ್ಕಲಕೋಟ ತಾಲೂಕು)
ಎಲ್ಲರಿಗೂ ನಮಸ್ಕಾರ. ಭೀಮಾ ದಂಡೆಯ ನಮ್ಮೂರಿನ ಭೂಮೇಲ್ಮೈ ನಕ್ಷೆಯನ್ನು ಶಾಲೆಯ ಮಕ್ಕಳಿಂದ ಬರೆಸಬೇಕೆಂದಿದ್ದೇನೆ. 1:50,000 ಪ್ರಮಾಣದ ಟೊಪೊ ಶೀಟಿನಲ್ಲಿ ಸಮೋನ್ನತಿ ರೇಖೆಗಳ (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳ) ನಡುವಿನ ಎತ್ತರದ ಅಂತರ 20 ಮೀಟರ್ ಇರುವುದರಿಂದ ಊರಿನ ಹೊಲಗಳ ಮೇಲೆ ಒಂದೇ ರೇಖೆ ಹಾದುಹೋಗಿದೆ. ಆದರೆ 2020ರ ಅಕ್ಟೋಬರ್ ಪ್ರವಾಹದಲ್ಲಿ ಯಾವ ಹೊಲಕ್ಕೆ ನೀರು ಹೊಕ್ಕಿತು, ಯಾವುದಕ್ಕೆ ಹೊಗಲಿಲ್ಲ ಎಂಬುದು ಮೊಳದಷ್ಟು ಏರುತಗ್ಗಿನ ಮಾತು. ಅಮೆರಿಕದ ಪ್ರೇರಿ ಬಯಲಿನವರು ಇದನ್ನು ಹೇಗೆ ನಿಭಾಯಿಸುತ್ತಾರೆ?

ಉತ್ತರ (ಸೊಲ್ಲಾಪುರ)
ಗುರುಗಳೇ, ಶೀಟನ್ನು ಇನ್ನೊಮ್ಮೆ ನೋಡಿ. ಹಳ್ಳದ ದಂಡೆ, ಒಡ್ಡು, ಕೆರೆ ಏರಿಗಳ ಪಕ್ಕದಲ್ಲಿ ಅಂಕಿಯೊಂದಿಗೆ ಸಣ್ಣ ‘ಆರ್’ ಅಕ್ಷರವಿರುತ್ತದೆ. ಅದು ಸಮುದ್ರಮಟ್ಟದಿಂದಲ್ಲ, ಸುತ್ತಲಿನ ನೆಲದಿಂದ ಅಳೆದ ಎತ್ತರ; ಬಯಲುಸೀಮೆಯಲ್ಲಿ ರೇಖೆಗಳಿಗಿಂತ ಅದೇ ಹೆಚ್ಚು ಹೇಳುತ್ತದೆ. ಉಳಿದದ್ದಕ್ಕೆ ಉಪಗ್ರಹದ ಉಚಿತ ಎತ್ತರ ದತ್ತಾಂಶ ಇಳಿಸಿಕೊಂಡರಾಯಿತು.

ಉತ್ತರ (ಜತ್ತ)
ಪ್ರೇರಿಯ ರೆಡ್ ನದಿ ನಾರ್ತ್ ಡಕೋಟಾ ಮತ್ತು ಮಿನೆಸೋಟಾ ರಾಜ್ಯಗಳ ಗಡಿಯಾಗಿ ಉತ್ತರಕ್ಕೆ ಹರಿದು ಕೆನಡಾ ಸೇರುತ್ತದೆ. ಆ ಕಣಿವೆ ಹಿಮಯುಗದ ಅಗಾಸಿಜ್ ಸರೋವರದ ತಳವಾದ್ದರಿಂದ, ನದಿಯ ಇಳಿಜಾರು ಅನೇಕ ಕಡೆ ಮೈಲಿಗೆ ಒಂದು ಅಡಿಯೂ ಇಲ್ಲ. ಅಲ್ಲಿನ 1:24,000 ನಕ್ಷೆಗಳಲ್ಲಿ 5 ಅಡಿ ಅಂತರದ ರೇಖೆಗಳಿವೆ. ಅದೂ ಸಾಲದೆ ಈಗ ವಿಮಾನದಿಂದ ಲೇಸರ್ ಹಾಯಿಸಿ ನೆಲದ ಎತ್ತರ ಅಳೆಯುವ ಲೈಡಾರ್ ಬಳಸುತ್ತಾರೆ. ಮೈಲಿಗೊಂದರಂತೆ ಚೌಕಟ್ಟಾಗಿ ಹಾದಿರುವ ಏರುರಸ್ತೆಗಳೇ ಅಲ್ಲಿ ನೀರಿಗೆ ಒಡ್ಡು. ರಸ್ತೆಯಡಿಯ ಮೋರಿಗಳನ್ನು ಲೈಡಾರ್ ಕಾಣುವುದಿಲ್ಲ. ಅವನ್ನು ಕೈಯಾರೆ ಗುರುತಿಸದಿದ್ದರೆ, ಕಂಪ್ಯೂಟರು ಪ್ರತಿ ರಸ್ತೆಯ ಹಿಂದೆಯೂ ಇಲ್ಲದ ಕೆರೆಯೊಂದನ್ನು ತೋರಿಸುತ್ತದೆ.

ಉತ್ತರ (ದಕ್ಷಿಣ ಸೊಲ್ಲಾಪುರ)
ಉಚಿತ ದತ್ತಾಂಶದ ಸಲಹೆಯನ್ನು ನಾನು ಒಪ್ಪುವುದಿಲ್ಲ. 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ಅಳೆದ ಎಸ್‌ಆರ್‌ಟಿಎಂ ಎಂಬ ಉಚಿತ ದತ್ತಾಂಶದಲ್ಲಿ ಎತ್ತರ ಪೂರ್ಣ ಮೀಟರುಗಳಲ್ಲಿ ಮಾತ್ರ ದಾಖಲಾಗಿದೆ; ಮೇಲಾಗಿ ಅದು ಬರಿನೆಲವನ್ನಷ್ಟೇ ಅಳೆದದ್ದಲ್ಲ, ಗಿಡಮರಗಳ ಎತ್ತರವೂ ಅದರಲ್ಲಿ ಬೆರೆತಿದೆ. ಹೀಗಾಗಿ ದಂಡೆಯ ಜಾಲಿಸಾಲು ದಿಬ್ಬದಂತೆ ಕಂಡೀತು. ಎತ್ತರ ಗೊತ್ತಿರುವ ಬೆಂಚ್‌ಮಾರ್ಕಿನಿಂದ (ಸರ್ವೆಯ ಗುರುತುಕಲ್ಲಿನಿಂದ) ಹೊರಟು, ಡಂಪಿ ಲೆವೆಲ್ (ಮಟ್ಟ ನೋಡುವ ದುರ್ಬೀನು) ಮತ್ತು ಸ್ಟಾಫ್ (ಅಳತೆ ಗುರುತುಗಳಿರುವ ಕೋಲು) ಹಿಡಿದು ನೀರಿನಂಚಿನಿಂದ ಮಡ್ಡಿಯ ಏರುನೆಲದವರೆಗೆ ಅಡ್ಡಗೆರೆಯಲ್ಲಿ ಮಟ್ಟ ತೆಗೆಯಿರಿ. ಸಮ ಅಂತರಕ್ಕಿಂತ ಇಳಿಜಾರು ಮುರಿಯುವ ಕಡೆ, ಅಂದರೆ ದಂಡೆಯ ಅಂಚು, ಬದು, ಹಳ್ಳದ ಬಾಯಿ, ಮೋರಿಗಳ ತಳ ಇಲ್ಲೆಲ್ಲ ತಪ್ಪದೆ ಸ್ಟಾಫ್ ನಿಲ್ಲಿಸಿ. ಗುಡಿಯ ಗೋಡೆಯ ಮೇಲೆ ಪ್ರವಾಹದ ಗುರುತು ಉಳಿದಿದ್ದರೆ ಅದಕ್ಕೂ ಮಟ್ಟ ತೆಗೆಯಿರಿ. ಅರ್ಧ ಮೀಟರಿನ ರೇಖೆಗಳನ್ನು ಎಳೆಯುವ ಮುನ್ನ ಹೊರಟ ಬೆಂಚ್‌ಮಾರ್ಕಿಗೇ ಮರಳಿ ಬಂದು ಲೆಕ್ಕ ತಾಳೆ ನೋಡಬೇಕು.