ಟೈಟನ್ ಮಾಡೆಲ್‌ನಲ್ಲಿ ಹೈಡ್ರೋಜನ್ ಸಯನೈಡ್ ಯಾಕೆ ಕಡಿಮೆಯಾಗುತ್ತಿಲ್ಲ?

ಪ್ರಶ್ನೆ: ಶನಿಯ ಚಂದ್ರ ಟೈಟನ್‌ನ ವಾತಾವರಣಕ್ಕೆ ಒಂದು ಆಯಾಮದ (ಎತ್ತರವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವ) ಕಂಪ್ಯೂಟರ್ ಮಾಡೆಲ್ ಬರೆದಿದ್ದೇನೆ. ಮೇಲೆ ಸೂರ್ಯನ ಅತಿನೇರಳೆ ಬೆಳಕಿಗೆ ಮೀಥೇನ್ ಒಡೆದು, ಅದರ ತುಣುಕುಗಳಾದ ಎರಡು ಮೀಥೈಲ್ ಸೇರಿ ಈಥೇನ್ ಆಗುತ್ತದೆ, ಅಲ್ಲಿವರೆಗೂ ಸರಿ. ಆದರೆ 80 ಕಿ.ಮೀ. ಎತ್ತರಕ್ಕಿಂತ ಕೆಳಗೆ ಹೈಡ್ರೋಜನ್ ಸಯನೈಡ್ ಅನಿಲದ ಪ್ರಮಾಣ ಇಳಿಯುವುದೇ ಇಲ್ಲ, ಗ್ರಾಫ್ ಗೋಡೆ ಥರ ನೆಟ್ಟಗೆ ನಿಲ್ಲುತ್ತದೆ. ಮೂರು ವಾರದಿಂದ ಇದೇ ಗೋಳು.

ಉತ್ತರ 1: ಅದು ಹೆಪ್ಪುಗಟ್ಟುವುದನ್ನು ಸೇರಿಸಿಲ್ಲ, ಅಲ್ವಾ? 40 ಕಿ.ಮೀ. ಸುತ್ತ ಬರೀ 70 ಕೆಲ್ವಿನ್. ಅಷ್ಟು ಚಳಿಗೆ ಅದು ಅನಿಲವಾಗಿ ಉಳಿಯುವುದೇ ಇಲ್ಲ. ಪ್ರತಿ ಪದರದಲ್ಲೂ ಆವಿ ಒತ್ತಡ (ಆ ಚಳಿಯಲ್ಲಿ ಅನಿಲವಾಗಿ ಉಳಿಯಬಲ್ಲ ಮಿತಿ) ಮೀರಿದ ಭಾಗವನ್ನು ತೆಗೆಯಿರಿ.

ಉತ್ತರ 2: ಹೌದು. ಜೊತೆಗೆ ಎಡ್ಡಿ ಮಿಶ್ರಣಕ್ಕೆ (ಸುಳಿಗಳು ಅನಿಲಗಳನ್ನು ಮೇಲೆ ಕೆಳಗೆ ಬೆರೆಸುವುದಕ್ಕೆ) ಎಲ್ಲ ಎತ್ತರದಲ್ಲೂ ಸುಮ್ನೆ ಒಂದೇ ಬೆಲೆ ಕೊಡಬೇಡಿ, ಮೇಲೆ ಅದು ಸಾವಿರಾರು ಪಟ್ಟು ಜಾಸ್ತಿ. ಇನ್ನೊಂದು, ನನಗೆ ದೊಡ್ಡ ಚಿಂತೆ ಇದೇ: ಎಷ್ಟೋ ರಾಸಾಯನಿಕ ಕ್ರಿಯೆಗಳ ವೇಗ ಅಳೆದಿರುವುದು ಕೋಣೆಯ ಉಷ್ಣತೆಯಲ್ಲಿ, ನಾವು ಅದನ್ನೇ 150 ಕೆಲ್ವಿನ್‌ಗೂ ಎಳೆದು ಬಳಸುತ್ತೇವೆ. ವೇಗಗಳನ್ನು ಸ್ವಲ್ಪ ಸ್ವಲ್ಪ ಬದಲಿಸಿ ನೂರು ಸಲ ಓಡಿಸಿ, ಯಾವುದಕ್ಕೆ ಫಲಿತಾಂಶ ಅಲುಗಾಡುತ್ತದೆ ನೋಡಿ.

ಪ್ರಶ್ನೆ ಕೇಳಿದವರು: ಹೆಪ್ಪುಗಟ್ಟುವುದನ್ನು ಸೇರಿಸಿದೆ, ಗ್ರಾಫ್ ಸರ್ರನೆ ಇಳಿಯಿತು! ಈಗ ಎಡ್ಡಿ ತಿದ್ದುತ್ತಿದ್ದೇನೆ. ತುಂಬಾ ಥ್ಯಾಂಕ್ಸ್.