ಆಯಿಯ ಕೌದಿಗೆ ಇಳಕಲ್ ಸೆರಗಿನ ಕೆಂಪು ಹತ್ತಿದೆ: ತೆಗೆಯುವ ಬಗೆ ಹೇಗೆ? ಕೌದಿಯ ವಯಸ್ಸು ತಿಳಿಯುವುದು ಹೇಗೆ?

ಪ್ರಶ್ನೆ (ಬಾಗಲಕೋಟೆ, ನವನಗರ)

ಎಲ್ಲರಿಗೂ ನಮಸ್ಕಾರ. ನಮ್ಮ ಆಯಿ (ಅಜ್ಜಿ) ಹೊಲಿದ ಒಂದು ಕೌದಿ ನಮ್ಮ ಮನೆಯಲ್ಲಿದೆ. ಆಲಮಟ್ಟಿಯ ಹಿನ್ನೀರಿನಿಂದಾಗಿ ಹಳೆಯ ಬಾಗಲಕೋಟೆಯ ಮನೆ ಬಿಟ್ಟು ಬರುವಾಗ ಅದನ್ನು ತಗಡಿನ ಟ್ರಂಕಿನಲ್ಲಿಟ್ಟು ತಂದಿದ್ದೆವು. ಅಂದಿನಿಂದ ಅದು ಹೆಚ್ಚುಕಡಿಮೆ ಆ ಟ್ರಂಕಿನಲ್ಲಿಯೇ ಉಳಿದಿತ್ತು. ನಡುವೆ ಇಳಕಲ್ ಸೀರೆಯ ಕೆಂಪು ತೆನಿ ಸೆರಗು, ಅದರ ಸುತ್ತ ಚಂದ್ರಕಾಳಿ ಎಂಬ ಕಪ್ಪು ಸೀರೆಯ ಪಟ್ಟಿ, ಅದರಾಚೆ ಅಜ್ಜನ ಬಿಳಿ ಧೋತರದ ತುಂಡುಗಳು, ನಾಲ್ಕು ಮೂಲೆಗಳಲ್ಲಿ ಗುಳೇದಗುಡ್ಡದ ಖಣದ (ರವಿಕೆ ಬಟ್ಟೆಯ) ಚೌಕಗಳು ಇವೆ. ಹೊಲಿಗೆ ಅಂಚಿನಿಂದ ಆರಂಭವಾಗಿ ಚೌಕಾಕಾರದಲ್ಲಿ ಸುತ್ತುತ್ತ ನಡುವಿನವರೆಗೆ ಬಂದಿದೆ.

ಮುಗ್ಗಲು ವಾಸನೆ ಬರುತ್ತಿದ್ದುದರಿಂದ ಇಂದು ಬೆಳಿಗ್ಗೆ ಅದನ್ನು ಬಿಸಿನೀರಿನಲ್ಲಿ ಸೋಪಿನ ಪುಡಿ ಹಾಕಿ ಅರ್ಧ ಗಂಟೆ ನೆನೆಸಿದೆ. ನೀರು ಕುಂಕುಮ ಕದಡಿದಂತೆ ಕೆಂಪಾಯಿತು. ಕೌದಿಯನ್ನು ಎತ್ತಿ ನೋಡಿದಾಗ ಸೆರಗಿನ ಪಕ್ಕದ ಧೋತರವೆಲ್ಲ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಉಪ್ಪಿನ ನೀರಿನಲ್ಲಿ ನೆನೆಸಿ ಎಂದು ಒಬ್ಬರು, ವಿನೆಗರ್ ಹಾಕಿ ಎಂದು ಇನ್ನೊಬ್ಬರು, ಬ್ಲೀಚಿಂಗ್ ಪುಡಿಯೇ ಸರಿ ಎಂದು ಮತ್ತೊಬ್ಬರು ಹೇಳುತ್ತಿದ್ದಾರೆ. ಏನು ಮಾಡಬೇಕೆಂದು ತೋಚದೆ ಕೌದಿಯನ್ನು ಹಸಿಯಾಗಿಯೇ ಟಬ್ಬಿನಲ್ಲಿ ಬಿಟ್ಟಿದ್ದೇನೆ.

ಇನ್ನೊಂದು ವಿಷಯವೂ ಇದೆ. ಇದು ನೂರು ವರ್ಷದ ಕೌದಿ ಎಂದು ಮನೆಯವರು ಹೇಳುತ್ತಾರೆ. ಹಳೆಯ ಸಾಮಾನು ಕೊಳ್ಳಲು ಬಂದಿದ್ದ ವ್ಯಾಪಾರಿಯೊಬ್ಬರು, ಇದು ನಲವತ್ತು ವರ್ಷಕ್ಕಿಂತ ಹಳೆಯದಲ್ಲ, ಆದರೂ ತಾವೇ ಕೊಳ್ಳುತ್ತೇವೆ ಎಂದು ಹೋಗಿದ್ದಾರೆ. ಯಾರ ಮಾತು ನಿಜವೆಂದು ತಿಳಿಯುವುದು ಹೇಗೆ?

ಉತ್ತರ (ಬೆಳಗಾವಿ, ಶಹಾಪುರ)

ತಂಗಿ, ಎಲ್ಲಕ್ಕಿಂತ ಮೊದಲು ಒಂದು ಮಾತು: ಕೌದಿಯನ್ನು ಒಣಗಲು ಬಿಡಬೇಡಿ. ಹಸಿಯಾಗಿರುವವರೆಗೆ ಬಿಟ್ಟ ಬಣ್ಣವು ನೂಲಿನ ಮೇಲೆ ಸಡಿಲವಾಗಿಯೇ ಇರುತ್ತದೆ. ಒಮ್ಮೆ ಒಣಗಿತೆಂದರೆ, ಅದರಲ್ಲಿಯೂ ಬಿಸಿಲಿಗೆ ಹಾಕಿದರೆ ಅಥವಾ ಇಸ್ತ್ರಿ ಮಾಡಿದರೆ, ಅದು ಧೋತರದಲ್ಲಿ ಕುಳಿತುಬಿಡುತ್ತದೆ; ಆಮೇಲೆ ತೆಗೆಯುವುದು ಬಹಳ ಕಷ್ಟ.

ನಿಮಗೆ ದೊರೆತ ಮೂರು ಸಲಹೆಗಳಲ್ಲಿ ಒಂದನ್ನೂ ಅನುಸರಿಸಬೇಡಿ. ಹತ್ತಿಯ ನೂಲಿಗೆ ಬಣ್ಣ ಹಾಕುವವರು ಬಣ್ಣದ ನೀರಿಗೆ ಉಪ್ಪು ಹಾಕುವುದು, ನೀರಿನಲ್ಲಿರುವ ಬಣ್ಣವು ನೂಲಿನೊಳಗೆ ಇಳಿಯಲಿ ಎಂಬ ಕಾರಣಕ್ಕೆ. ಆದುದರಿಂದ ನೀವು ಈಗ ಉಪ್ಪು ಹಾಕಿದರೆ ಸೆರಗಿನಿಂದ ಬಿಟ್ಟ ಕೆಂಪನ್ನು ನೀವೇ ಧೋತರದೊಳಗೆ ತಳ್ಳಿದಂತಾಗುತ್ತದೆ. ವಿನೆಗರಿನ ಹುಳಿಯಿಂದ ರೇಷ್ಮೆಯ ಮತ್ತು ಉಣ್ಣೆಯ ಕೆಲವು ಬಣ್ಣಗಳಿಗೆ ಅಷ್ಟಿಷ್ಟು ಉಪಯೋಗವಾಗುತ್ತದೆಯೇ ಹೊರತು ಹತ್ತಿಗೆ ಆಗುವುದಿಲ್ಲ. ಬ್ಲೀಚಿಂಗ್ ಪುಡಿಯಂತೂ ರೇಷ್ಮೆಯನ್ನು ತಿಂದೇಹಾಕುತ್ತದೆ, ಹಳೆಯ ಹತ್ತಿಯನ್ನು ಬೂದಿಯಂತೆ ಸಡಿಲ ಮಾಡುತ್ತದೆ.

ಮಾಡಬೇಕಾದದ್ದು ಹೀಗೆ. ಮನೆಯಲ್ಲಿರುವ ಅತಿ ದೊಡ್ಡ ಟಬ್ಬನ್ನು ತೆಗೆದುಕೊಂಡು, ಅದರೊಳಗೆ ಹಳೆಯ ಸೊಳ್ಳೆಪರದೆಯೊಂದನ್ನು ಹಾಸಿ, ಅದರ ಮೇಲೆ ಕೌದಿಯನ್ನು ಸಾಧ್ಯವಾದಷ್ಟು ಅಗಲವಾಗಿ ಇಡಿ. ಹಸಿ ಕೌದಿಯ ಭಾರ ಎಷ್ಟಿರುತ್ತದೆ ಎಂಬುದು ಈಗ ನಿಮಗೇ ಗೊತ್ತಾಗಿದೆ. ಅಂಚು ಹಿಡಿದು ಎತ್ತಿದರೆ ಆ ಭಾರಕ್ಕೆ ಹೊಲಿಗೆ ಕಿತ್ತುಬರುತ್ತದೆ. ಆದ್ದರಿಂದ ಇನ್ನು ಮುಂದೆ ಪರದೆಯ ನಾಲ್ಕು ತುದಿ ಹಿಡಿದು, ಇಬ್ಬರು ಸೇರಿಯೇ ಎತ್ತಿರಿ. ಮಡಿಸಲೇಬೇಕಾದಲ್ಲಿ ಕೆಂಪಿನ ಮೇಲೆ ಬಿಳಿ ಕೂಡದಂತೆ ನಡುವೆ ಬಿಳಿಯ ಹಳೆ ಬಟ್ಟೆ ಇಡಿ. ಕೌದಿಯ ಮೇಲೆ ಒಂದು ಗೇಣು ನೀರು ನಿಲ್ಲುವಷ್ಟು ತಣ್ಣೀರು ತುಂಬಿ, ಬಣ್ಣದ ಬಟ್ಟೆಗಳಿಗೆಂದೇ ಬರುವ ಸೌಮ್ಯವಾದ ದ್ರವ ಸೋಪನ್ನು ಸ್ವಲ್ಪ ಬೆರೆಸಿ. ಇಲ್ಲಿ ಸೋಪಿನ ಕೆಲಸ ಕೊಳೆ ತೆಗೆಯುವುದಷ್ಟೇ ಅಲ್ಲ. ಬಿಟ್ಟ ಬಣ್ಣವನ್ನು ನೀರಿನಲ್ಲಿಯೇ ತೇಲಿಸಿ, ಬೇರೆ ಬಟ್ಟೆಗೆ ಅಂಟದಂತೆ ತಡೆಯುವುದು. ನೀರು ಗುಲಾಬಿಯಾದ ಕೂಡಲೇ ಬದಲಾಯಿಸಿ. ತಿಕ್ಕಬೇಡಿ, ಹಿಂಡಬೇಡಿ, ಕುಕ್ಕಬೇಡಿ. ಇದಕ್ಕೆ ಒಂದು ಇಡೀ ದಿನ ಹಿಡಿಯಬಹುದು. ನಿಮ್ಮ ಕಡೆ ಬೋರಿನ ನೀರು ಗಡಸಾಗಿದ್ದರೆ ಸೋಪು ಪೂರ್ತಿ ಬಿಡುವುದಿಲ್ಲ. ಕೊನೆಯ ಎರಡು ಜಾಲಿಸುವಿಕೆಗೆ ಫಿಲ್ಟರ್ ನೀರು ತಂದರೆ ಒಳ್ಳೆಯದು.

ಒಣಗಿಸುವ ಕ್ರಮವೂ ಅಷ್ಟೇ ಮುಖ್ಯ. ಹಗ್ಗದ ಮೇಲೆ ಹಾಕಬೇಡಿ. ನೆರಳಿನಲ್ಲಿ ಹೊರಸಿನ ಮೇಲೆ ಬಿಳಿ ಹಾಸು ಹಾಸಿ, ಅದರ ಮೇಲೆ ಕೌದಿ ಹರಡಿ, ಮೇಲೆ ಇನ್ನೊಂದು ಬಿಳಿ ಹತ್ತಿ ಬಟ್ಟೆಯನ್ನು ಅಂಗೈಯಿಂದ ಒತ್ತಿ ಕೂಡಿಸಿ ಫ್ಯಾನ್ ಹಾಕಿ. ನೀರು ಎಲ್ಲಿಂದ ಆರುತ್ತದೆಯೋ ಉಳಿದ ಬಣ್ಣ ಅಲ್ಲಿಗೆ ಹರಿದುಬರುತ್ತದೆ. ಮೇಲೊಂದು ಬಟ್ಟೆ ಇದ್ದರೆ ಬಣ್ಣ ಆ ಬಟ್ಟೆಗೆ ಬರುತ್ತದೆ, ಇಲ್ಲದಿದ್ದರೆ ಧೋತರದ ಮೇಲ್ಮೈಗೆ ಬರುತ್ತದೆ.

ಕಲೆ ಪೂರ್ತಿ ಹೋಗುತ್ತದೆ ಎಂದು ನಾನು ಮಾತು ಕೊಡಲಾರೆ. ನಾನೇ ಒಮ್ಮೆ ನಮ್ಮ ಅತ್ತೆಯವರ ಕೌದಿಯನ್ನು ಬಣ್ಣ ಪರೀಕ್ಷಿಸದೆ ನೀರಿಗೆ ಹಾಕಿದ್ದೆ. ಒದ್ದೆ ಮಾಡಿದ ಬಿಳಿ ಚಿಂದಿಯನ್ನು ಪ್ರತಿಯೊಂದು ಬಣ್ಣದ ಮೇಲೆ ಹತ್ತು ನಿಮಿಷ ಒತ್ತಿ ಹಿಡಿದು ನೋಡಿದ್ದರೆ ಸಾಕಿತ್ತು. ಅದರ ಒಂದು ಮೂಲೆ ಇಂದಿಗೂ ಗುಲಾಬಿಯಾಗಿಯೇ ಇದೆ.

ಪ್ರಶ್ನೆ ಕೇಳಿದವರು

ಅಕ್ಕಾ, ನಿಮಗೆ ಹೇಗೆ ಧನ್ಯವಾದ ಹೇಳಬೇಕೋ ತಿಳಿಯದು. ಏಳು ಸಲ ನೀರು ಬದಲಾಯಿಸಿದೆವು. ಮೇಲೆ ಹಾಸಿದ ಬಟ್ಟೆಗೆ ಸೆರಗಿನ ಅಚ್ಚು ತೆಳುವಾಗಿ ಮೂಡಿತ್ತು. ಈಗ ಎರಡು ತುಂಡುಗಳಲ್ಲಿ ಮಾತ್ರ ಬಣ್ಣ ಕಾಣುತ್ತದೆ, ಅದೂ ಬೆಳಕಿಗೆ ಹಿಡಿದರೆ ಮಾತ್ರ.

ಒಣಗಿದ ಮೇಲೆ ನೋಡಿದರೆ ಒಂದು ಅಂಚಿನಲ್ಲಿ ನಾಲ್ಕು ಬೆರಳಿನಷ್ಟು ಹೊಲಿಗೆ ಬಿಚ್ಚಿದೆ. ಒಳಗೆ ಸಣ್ಣ ಹಳದಿ ಹೂವಿನ ಮಿಲ್ಲಿನ ಬಟ್ಟೆಯಿದ್ದು, ಅದರ ಅಂಚಿನಲ್ಲಿ ನೇರಳೆ ಮಸಿಯ ಬೆಲೆಯ ಮುದ್ರೆ ಇದೆ. ಅಂಕಿಗಳು ಅಳಿಸಿವೆ, ಆದರೆ ‘ನಯೇ ಪೈಸೆ’ ಎಂಬುದನ್ನು ಓದಬಹುದು. ಹೊಲಿಗೆಯ ದಾರ ಎಲ್ಲೆಡೆ ದಪ್ಪನೆಯ ಮಾಸಲು ಬಿಳಿಯದು. ಒಂದು ಖಣದ ಮೂಲೆಯಲ್ಲಿ ಮಾತ್ರ ಹೊಳೆಯುವ ನೀಲಿ ದಾರವಿದೆ.

ಉತ್ತರ (ಬೆಳಗಾವಿ, ಶಹಾಪುರ)

ನಿಮ್ಮ ಎರಡನೆಯ ಪ್ರಶ್ನೆಗೆ ಆ ಮುದ್ರೆಯೇ ಬಹುಪಾಲು ಉತ್ತರ ಕೊಟ್ಟಿದೆ. ನಮ್ಮ ದೇಶದಲ್ಲಿ ದಶಮಾಂಶ ನಾಣ್ಯ ಬಂದದ್ದು 1957ರ ಏಪ್ರಿಲ್ 1ರಂದು. ಆ ಹೊಸ ಪೈಸೆಯ ಹೆಸರಿನಿಂದ ‘ನಯೇ’ (ಹೊಸ) ಎಂಬ ಮಾತನ್ನು ಕೈಬಿಟ್ಟದ್ದು 1964ರ ಜೂನ್ 1ರಂದು. ಆ ಬಟ್ಟೆಗೆ ಬೆಲೆಯ ಮುದ್ರೆ ಬಿದ್ದದ್ದು ಈ ಏಳು ವರ್ಷಗಳ ನಡುವೆ ಎಂದು ತಿಳಿಯಬಹುದು.

ಕೌದಿಯ ಕಾಲ ನಿರ್ಣಯಿಸುವಾಗ ಹಿಡಿಯಬೇಕಾದ ಸೂತ್ರವೊಂದಿದೆ: ಮೊದಲ ಹೊಲಿಗೆಯಲ್ಲಿಯೇ ಸೇರಿದ ಬಟ್ಟೆಗಳಲ್ಲಿ ಎಲ್ಲಕ್ಕಿಂತ ಹೊಸದು ಯಾವುದೋ, ಕೌದಿ ಅದಕ್ಕಿಂತ ಹಳೆಯದಾಗಿರಲಾರದು. ಉಟ್ಟು ಹಳತಾದ ಬಟ್ಟೆಯಿಂದಲೇ ಕೌದಿ ಹುಟ್ಟುವುದರಿಂದ ನಮ್ಮ ಕಡೆ ಈ ಸೂತ್ರ ಮರೆತರೆ ತಪ್ಪಾಗುವುದು ಖಂಡಿತ. ಸೀರೆಯ ವಯಸ್ಸನ್ನೇ ಕೌದಿಯ ವಯಸ್ಸೆಂದು ಎಣಿಸುತ್ತೇವೆ. ಹರಿದ ಕೌದಿಯ ಮೇಲೆ ಹೊಸ ಪದರ ಹಾಕಿ ಮತ್ತೆ ಹೊಲಿಯುವ ರೂಢಿಯೂ ಉಂಟು. ಆದ್ದರಿಂದ ಬಿಚ್ಚಿದ ಅಂಚಿನಲ್ಲಿ ಭೂತಗನ್ನಡಿ ಹಿಡಿದು, ಬಿಳಿ ದಾರವು ಮೇಲಿನ ಧೋತರ, ನಡುವಿನ ಹೂವಿನ ಬಟ್ಟೆ, ಕೆಳಗಿನ ಬಟ್ಟೆ ಮೂರನ್ನೂ ಒಂದೇ ತೂತಿನಲ್ಲಿ ದಾಟಿದೆಯೇ, ಪಕ್ಕದಲ್ಲಿ ಹಳೆಯ ಖಾಲಿ ತೂತುಗಳ ಸಾಲು ಇದೆಯೇ ನೋಡಿ. ಖಾಲಿ ತೂತುಗಳಿಲ್ಲದೆ ದಾರ ಮೂರನ್ನೂ ದಾಟಿದ್ದರೆ ನಿಮ್ಮ ಕೌದಿ 1957ರ ನಂತರದ್ದು.

ನೀಲಿ ದಾರದ ಒಂದು ಎಳೆಯ ತುದಿಯನ್ನು ಚಿಮುಟದಲ್ಲಿ ಹಿಡಿದು, ಕೌದಿಯಿಂದ ದೂರ ಕುಳಿತು, ದೀಪಕ್ಕೆ ತೋರಿಸಿ. ಕರಗಿ ಗಟ್ಟಿ ಮಣಿಯಾದರೆ ಬಹುಶಃ ಪಾಲಿಯೆಸ್ಟರ್. ಅದನ್ನು ಕಂಡುಹಿಡಿದದ್ದೇ 1941ರಲ್ಲಿ. ನಮ್ಮೂರುಗಳ ಅಂಗಡಿಗೆ ಬಂದದ್ದು ಇನ್ನೂ ಎಷ್ಟೋ ಕಾಲದ ಮೇಲೆ. ಆದರೆ ಒಂದೇ ಮೂಲೆಯಲ್ಲಿ ಇರುವುದರಿಂದ ಅದು ಆಮೇಲಿನ ರಿಪೇರಿ. ವ್ಯಾಪಾರಿಯು ನಲವತ್ತು ವರ್ಷ ಎಂದದ್ದು ಬಹುಶಃ ಆ ಮೂಲೆಯನ್ನು ನೋಡಿಯೇ ಇರಬೇಕು. ರಿಪೇರಿಯ ಕಾಲ ಕೌದಿಯ ಕಾಲವಲ್ಲ. ಸೆರಗಿನ ಎಳೆಯನ್ನೂ ಹೀಗೆಯೇ ಪರೀಕ್ಷಿಸಬಹುದು: ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾದರೆ ರೇಷ್ಮೆ, ಕಾಗದ ಸುಟ್ಟ ವಾಸನೆ ಬಂದರೆ ಚಮಕ, ಅಂದರೆ ಕೃತಕ ರೇಷ್ಮೆ. ನೇರಳಾತೀತ ದೀಪದ ಕೆಳಗೆ ಬಟ್ಟೆ ನೀಲಿಬಿಳುಪಾಗಿ ಹೊಳೆದರೆ ಅದು ಹೊಸ ಕಾಲದ್ದು ಎನ್ನುವ ಪರೀಕ್ಷೆಯೊಂದಿದೆ. ನಿಮ್ಮ ಕೌದಿಗೆ ಅದು ಇನ್ನು ನಡೆಯುವುದಿಲ್ಲ, ಏಕೆಂದರೆ ಸೋಪಿನ ಪುಡಿಯಲ್ಲಿರುವ ಹೊಳಪು ಎಲ್ಲ ತುಂಡುಗಳಿಗೂ ಹತ್ತಿರುತ್ತದೆ.

ನಿಮ್ಮ ಮನೆಯವರ ಮಾತನ್ನು ಸುಳ್ಳೆಂದು ತಳ್ಳಬೇಡಿ. ಸೀರೆ ಆಯಿಯ ತಾಯಿಯದಾಗಿದ್ದರೆ ಅದಕ್ಕೆ ನೂರು ವರ್ಷವಾಗಿರಬಹುದು. ಸೀರೆ ಯಾರದು, ಧೋತರ ಯಾರದು, ಕೌದಿ ಹೊಲಿದವರು ಯಾರು ಎಂಬುದನ್ನು ಬೇರೆ ಬೇರೆಯಾಗಿಯೇ ಬರೆದಿಡಿ.

ಬೆಲೆಯ ಬಗ್ಗೆ ನನ್ನ ಅಭಿಪ್ರಾಯ ಖಚಿತವಾಗಿದೆ: ಕೊಳ್ಳಲು ಬಂದವರಿಂದ ಬೆಲೆ ಕಟ್ಟಿಸಬಾರದು. ಬಣ್ಣ ಬಿಟ್ಟಿರುವುದು, ಹೊಲಿಗೆ ಬಿಚ್ಚಿರುವುದು ಬೆಲೆಯನ್ನು ಇಳಿಸುತ್ತವೆ. ಆದರೆ ಯಾರು, ಎಲ್ಲಿ, ಯಾರ ಬಟ್ಟೆಯಿಂದ ಹೊಲಿದದ್ದು ಎಂಬ ಖಚಿತ ವಿವರ ಇರುವ ಕೌದಿಗಳು ಬಹಳ ಕಡಿಮೆ, ಮತ್ತು ಆ ವಿವರ ಮಾರಿದ ದಿನವೇ ಕೌದಿಯಿಂದ ಬೇರೆಯಾಗಿಬಿಡುತ್ತದೆ. ಅಳತೆಪಟ್ಟಿ ಪಕ್ಕದಲ್ಲಿಟ್ಟು ಎರಡೂ ಬದಿ, ನಾಲ್ಕೂ ಮೂಲೆ, ಆ ಮುದ್ರೆ ಎಲ್ಲದರ ಫೋಟೋ ತೆಗೆದುಕೊಳ್ಳಿ. ಆಮೇಲೆ ಅಂಚನ್ನು ಹತ್ತಿ ದಾರದಿಂದ, ಹಳೆಯ ತೂತುಗಳಲ್ಲಿಯೇ ಸೂಜಿ ಹಾಕಿ ಮುಚ್ಚಿ.

ಉತ್ತರ (ವಿಜಯಪುರ)

ಇಡುವ ಬಗೆಯನ್ನು ಯಾರೂ ಹೇಳಲಿಲ್ಲವಾದ್ದರಿಂದ ನಾನು ಸೇರಿಸುತ್ತೇನೆ. ತಗಡಿನ ಟ್ರಂಕು ತುಕ್ಕು ಬಿಡುತ್ತದೆ, ಪ್ಲಾಸ್ಟಿಕ್ ಚೀಲ ಬೆವರುತ್ತದೆ, ಕಟ್ಟಿಗೆಯ ಕಪಾಟು ಹಳೆಯ ಬಟ್ಟೆಯನ್ನು ಹಳದಿ ಮಾಡುತ್ತದೆ. ಗಂಜಿಯಿಲ್ಲದ, ತೊಳೆದ ಮಲ್ ಬಟ್ಟೆಯಲ್ಲಿ (ತೆಳು ಹತ್ತಿ ಬಟ್ಟೆಯಲ್ಲಿ) ಸುತ್ತಿ ಇಡಿ. ಮಡಿಸುವುದಾದರೆ ಮಡಿಕೆಯೊಳಗೆ ಬಟ್ಟೆಯ ಸುರುಳಿ ಇಟ್ಟು, ವರ್ಷಕ್ಕೆರಡು ಸಲ ತೆಗೆದು ಬೇರೆ ಗೆರೆಯಲ್ಲಿ ಮಡಿಸಿ. ಬೇವಿನ ಎಲೆಯನ್ನು ನೇರವಾಗಿ ಪದರಗಳ ನಡುವೆ ಇಟ್ಟು ನಾನು ಕೆಟ್ಟಿದ್ದೇನೆ. ಪ್ರತಿ ಎಲೆಯೂ ಕಂದು ಅಚ್ಚು ಬಿಟ್ಟಿತ್ತು. ಬೇಕೆಂದರೆ ಸಣ್ಣ ಚೀಲದಲ್ಲಿ ಕಟ್ಟಿ ಹೊರಗೆ ಇಡಿ. ನಮ್ಮ ಏಪ್ರಿಲ್ ಬಿಸಿಲಿಗಂತೂ ಒಡ್ಡಬೇಡಿ. ಗಾಳಿಯಾಡುವ ನೆರಳು ಸಾಕು.

ಕಪ್ಪು ಪಟ್ಟಿಯನ್ನು ಆಗಾಗ ಗಮನಿಸಿ. ನೀಲಿ ಬಣ್ಣದಲ್ಲಿ ಮತ್ತೆ ಮತ್ತೆ ಅದ್ದಿ ಬಂದ ಕಪ್ಪು, ಬಟ್ಟೆಯನ್ನು ತಿನ್ನುವುದಿಲ್ಲ. ಕಬ್ಬಿಣದ ಲವಣದಿಂದ ಬಂದ ಕಪ್ಪು ಅಥವಾ ಕಂದು ಕಾಲಕ್ರಮದಲ್ಲಿ ನೂಲನ್ನೇ ಸುಟ್ಟು ಪುಡಿ ಮಾಡುತ್ತದೆ. ಪುಡಿಯಾಗುತ್ತಿದ್ದರೆ ಆ ತುಂಡನ್ನು ಕತ್ತರಿಸಿ ತೆಗೆಯದೆ, ಮೇಲೆ ತೆಳುವಾದ ಕಪ್ಪು ಜಾಳಿಗೆ ಬಟ್ಟೆ ಹೊದಿಸಿ, ಸುತ್ತಲಿನ ಗಟ್ಟಿ ಬಟ್ಟೆಗೆ ಸಡಿಲವಾಗಿ ಹೊಲಿಯಿರಿ.

ಪ್ರಶ್ನೆ ಕೇಳಿದವರು

ದಾರ ಮೂರೂ ಬಟ್ಟೆಗಳನ್ನು ಒಂದೇ ತೂತಿನಲ್ಲಿ ದಾಟಿದೆ, ಖಾಲಿ ತೂತುಗಳಿಲ್ಲ. ನೀಲಿ ಎಳೆ ಕರಗಿ ಮಣಿಯಾಯಿತು. ಸೆರಗಿನ ಎಳೆಗೆ ಕೂದಲಿನ ವಾಸನೆ ಬಂತು. ಮುದ್ರೆಯ ಫೋಟೋ ತೋರಿಸುತ್ತಿದ್ದಂತೆ ಅವ್ವ ಹಳದಿ ಹೂವನ್ನು ಗುರುತಿಸಿದಳು. ಅದು ಅವಳ ಪರಕಾರಕ್ಕೆಂದು (ಲಂಗಕ್ಕೆಂದು) ತಂದ ಬಟ್ಟೆಯಂತೆ, ಉಳಿದ ತುಂಡನ್ನು ಆಯಿ ಎತ್ತಿಟ್ಟಿದ್ದಳಂತೆ. ಸೀರೆ ಆಯಿಯ ತಾಯಿಯದೇ. ಇವಿಷ್ಟನ್ನೂ ಒಂದು ಹತ್ತಿ ಪಟ್ಟಿಯ ಮೇಲೆ ಕಸೂತಿಯಲ್ಲಿ ಬರೆದು ಹಿಂಬದಿಗೆ ಹೊಲಿಯುತ್ತಿದ್ದೇನೆ. ವ್ಯಾಪಾರಿಗೆ ಕೊಡುವುದಿಲ್ಲವೆಂದು ಫೋನಿನಲ್ಲಿ ತಿಳಿಸಿಯಾಯಿತು.