ಪದಚರ್ಚೆ: ‘ಸೇಫ್ ವೋಲ್ಟೇಜ್ ಲಿಮಿಟ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ನಮಸ್ಕಾರ.

ಒಂದು ಪದ ಬೇಕಿತ್ತು, ಸ್ವಲ್ಪ ಅರ್ಜೆಂಟು. ಪ್ರೊಸೆಸರ್ ಓವರ್‌ಕ್ಲಾಕ್ ಮಾಡುವವರು, ಅಂದರೆ ನಿಗದಿಗಿಂತ ಜಾಸ್ತಿ ವೇಗದಲ್ಲಿ ಓಡಿಸುವವರು, ಬಳಸುವ ಒಂದು ಚಿಕ್ಕ ತಂತ್ರಾಂಶವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಫೈಲ್ ಕಳಿಸಬೇಕು. ಎಲ್ಲ ಮುಗಿದು ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಪರದೆಯಲ್ಲಿ ಕೋರ್ ವೋಲ್ಟೇಜ್‌ನ (ಚಿಪ್ಪಿನಲ್ಲಿ ಲೆಕ್ಕ ಮಾಡುವ ಭಾಗಕ್ಕೆ ಸಿಗುವ ವೋಲ್ಟೇಜ್) ಅಂಕಿ ಓಡುತ್ತಿರುತ್ತದೆ: 1.248, 1.264, 1.312. ಪಕ್ಕದಲ್ಲಿ ಒಂದು ಪಟ್ಟಿ. ಅದರ ಮೇಲೆ ಎರಡು ಗೆರೆ, ಒಂದು ಹಳದಿ, ಒಂದು ಕೆಂಪು. ಇಂಗ್ಲಿಷಿನಲ್ಲಿ ಎರಡಕ್ಕೂ ‘ಸೇಫ್ ಲಿಮಿಟ್’ ಅಂತಲೇ ಇದೆ. ನಾನು ‘ಸುರಕ್ಷಿತ ವೋಲ್ಟೇಜ್ ಮಿತಿ’ ಅಂತ ಹಾಕಿದೆ. ಓದಿದರೆ ಏನೋ ಸರಿಯಿಲ್ಲ ಅನ್ನಿಸುತ್ತಿದೆ. ಜಾಗವೂ ಕಮ್ಮಿ, ಎಂಟು ಹತ್ತು ಅಕ್ಷರಕ್ಕಿಂತ ಜಾಸ್ತಿ ಹಿಡಿಯುವುದಿಲ್ಲ.

———
ಮರು: ‘ಸುರಕ್ಷಿತ’ ತಪ್ಪು

‘ರಕ್ಷಿತ’ ಅಂದರೆ ಕಾಪಾಡಲಾಗಿರುವುದು. ಸುರಕ್ಷಿತ ವೋಲ್ಟೇಜ್ ಅಂದರೆ ಯಾರೋ ವೋಲ್ಟೇಜಿಗೆ ಕಾವಲು ಕೂತಿದ್ದಾರೆ ಅಂತಾಯಿತು. ಇಲ್ಲಿ ಕಾಯಬೇಕಾಗಿರುವುದು ಚಿಪ್ಪನ್ನು. ‘ಸುರಕ್ಷಾ ಮಿತಿ’ ಅನ್ನಿ. ಇನ್ನು ‘ವೋಲ್ಟೇಜ್’ ಯಾಕೆ? ಶಾಲೆಯಲ್ಲಿ ‘ವಿಭವಾಂತರ’ ಕಲಿತದ್ದು ಮರೆತುಹೋಯಿತೇ?

———
ಮರು: ಮರು: ‘ಸುರಕ್ಷಿತ’ ತಪ್ಪು

> ‘ವಿಭವಾಂತರ’ ಕಲಿತದ್ದು ಮರೆತುಹೋಯಿತೇ?

ಕಲಿತೆವು, ಪರೀಕ್ಷೆ ಬರೆದೆವು, ಮರೆತೆವು. ಒಂದು ಹೊರಗಿನ ಪದ ತೆಗೆದು ಇನ್ನೊಂದು ಹೊರಗಿನ ಪದ ಇಟ್ಟರೆ ಕನ್ನಡಕ್ಕೆ ಬಂದ ಲಾಭವೇನು? ಸುರಕ್ಷೆ ಬೇಡ, ಮಿತಿಯೂ ಬೇಡ. ‘ಮೇರೆ’ ಇದೆಯಲ್ಲ, ಅಚ್ಚಗನ್ನಡ. ‘ಮೇರೆ ಮೀರಿತು’ ಅಂದರೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಓವರ್‌ಕ್ಲಾಕಿಂಗ್‌ಗೆ ‘ಮೀರೋಟ’. ಮುಗಿಯಿತು.

———
ಮರು: ಮೊದಲು ಆ ಗೆರೆಗಳು ಏನು?

ಕೇಳಿದವರಿಗೆ ನಾಳೆ ಫೈಲ್ ಕಳಿಸಬೇಕು. ಇಲ್ಲಿ ಸುಮ್ನೆ ಪದಗಳ ಜಾತಕ ನೋಡುತ್ತಿದ್ದೀರಿ.

ಕೆಂಪು ಗೆರೆ ಅಂದರೆ ತಯಾರಿಸಿದವರೇ ಹಾಕಿಕೊಟ್ಟ ಕಡೆಯ ಗೆರೆ. ಇಂಟೆಲ್‌ನ ಸ್ಕೈಲೇಕ್ ಚಿಪ್ಪುಗಳ ಡೇಟಾಶೀಟ್‌ನಲ್ಲಿ ಅದು 1.52 ವೋಲ್ಟ್. ಆದರೆ ಆ ಚಿಪ್ಪುಗಳ ಕಾಲದಲ್ಲಿ ಓವರ್‌ಕ್ಲಾಕ್ ಮಾಡುತ್ತಿದ್ದವರು ದಿನಬಳಕೆಗೆ 1.4ರ ಆಸುಪಾಸಿನಲ್ಲೇ ನಿಲ್ಲುತ್ತಿದ್ದರು. ಅದು ಹಳದಿ ಗೆರೆ. ಎರಡರ ನಡುವೆ ಚಿಪ್ಪು ಸಾಯುವುದಿಲ್ಲ, ಸವೆಯುತ್ತದೆ. ಒಳಗಿರುವ, ಕೂದಲಿಗಿಂತ ಎಷ್ಟೋ ಪಟ್ಟು ಸಣ್ಣ ತಂತಿಗಳಲ್ಲಿ ಕರೆಂಟು ಜೋರಾಗಿ ಹರಿದರೆ ಎಲೆಕ್ಟ್ರಾನುಗಳು ಲೋಹದ ಪರಮಾಣುಗಳನ್ನೇ ತಳ್ಳಿಕೊಂಡು ಹೋಗುತ್ತವೆ. ಬಿಸಿ ಇದ್ದರೆ ಇನ್ನೂ ಬೇಗ. ಆ ಬಿಸಿಯೂ ವೋಲ್ಟೇಜಿನ ವರ್ಗಕ್ಕೆ (ಸ್ಕ್ವೇರ್) ತಕ್ಕಂತೆ ಏರುತ್ತದೆ. 1.2ರಿಂದ 1.35ಕ್ಕೆ ಹೋದರೆ, ವೇಗ ಅಷ್ಟೇ ಇದ್ದರೂ, ಕೋರು ಕೆಲಸ ಮಾಡಲು ತಿನ್ನುವ ವಿದ್ಯುತ್ತು ಕಾಲು ಭಾಗಕ್ಕೂ ಜಾಸ್ತಿ ಏರುತ್ತದೆ.

ನನ್ನದೇ ಒಂದು ಚಿಪ್ಪು 1.38ರಲ್ಲಿ ಎರಡು ವರ್ಷ ಚೆನ್ನಾಗಿ ಓಡಿತು. ಆಮೇಲೆ ಒಂದು ದಿನ ವಿಡಿಯೋ ರೆಂಡರ್ ಮಾಡುವಾಗ ನೀಲಿ ಪರದೆ ಬಂದು ಕಂಪ್ಯೂಟರ್ ನಿಂತಿತು. ಅದೇ ವೇಗಕ್ಕೆ ಈಗ 1.41 ಕೇಳುತ್ತಿತ್ತು. ಕೊಟ್ಟೆ. ನಾಲ್ಕು ತಿಂಗಳಿಗೆ ಅದೂ ಸಾಲಲಿಲ್ಲ.

ಹಾಗಾಗಿ ಎರಡು ಗೆರೆಗೆ ಎರಡು ಪದ ಬೇಕು. ಇಂಗ್ಲಿಷಿನವರು ಎರಡಕ್ಕೂ ‘ಸೇಫ್’ ಅಂದು ಕೈತೊಳೆದುಕೊಂಡಿದ್ದಾರೆ. ನಮ್ಮಲ್ಲಿ ‘ತಾಳಿಕೆ’, ‘ಬಾಳಿಕೆ’ ಎರಡೂ ಇವೆ. ಕೆಂಪು ಗೆರೆ ತಾಳಿಕೆಯದು, ಹಳದಿ ಗೆರೆ ಬಾಳಿಕೆಯದು. ‘ತಾಳಿದವನು ಬಾಳಿಯಾನು’ ಗಾದೆ ಚಿಪ್ಪಿಗೆ ಒಪ್ಪುವುದಿಲ್ಲ ನೋಡಿ. ಅದು 1.5 ತಾಳುತ್ತದೆ, ಬಾಳುವುದಿಲ್ಲ.

———
ಮರು: ಮೇರೆ

‘ಮೇರೆ’ ಅಚ್ಚಗನ್ನಡ ಅಂದವರಿಗೆ: ಅದು ಪ್ರಾಕೃತದ ‘ಮೇರಾ’. ಅದರ ತಾಯಿ ಸಂಸ್ಕೃತದ ‘ಮರ್ಯಾದಾ’. ಸಂಸ್ಕೃತವನ್ನು ಬಾಗಿಲಲ್ಲಿ ತಡೆದು ಕಿಟಕಿಯಲ್ಲಿ ಒಳಗೆ ಬಿಟ್ಟುಕೊಂಡಿದ್ದೀರಿ. ಕನ್ನಡದ್ದೇ ಬೇಕೆಂದರೆ ‘ಎಲ್ಲೆ’ ಇದೆ. ತಮಿಳಿನ ‘ಎಲ್ಲೈ’ಯ ತಂಗಿ.

———
ಮರು: ಮರು: ಮೇರೆ

ಸಾವಿರ ವರ್ಷ ನಮ್ಮ ಬಾಯಲ್ಲಿ ಸವೆದ ಪದ ನಮ್ಮದೇ. ನೆನ್ನೆ ಬಂದ ‘ವೋಲ್ಟೇಜ್’ಗೂ ಅದಕ್ಕೂ ಹೋಲಿಕೆ ಬೇಡ. ‘ಎಲ್ಲೆ’ ಒಪ್ಪಿದೆ.

———
ಮರು: ಮರು: ಮರು: ಮೇರೆ

ಅಂದರೆ ಎಷ್ಟು ವರ್ಷ ಸವೆದರೆ ನಮ್ಮದಾಗುತ್ತದೆ? ಅದಕ್ಕೂ ಒಂದು ಹಳದಿ ಗೆರೆ ಹಾಕಿಬಿಡಿ. ‘ಗಡಿಯಾರ’ವೂ ಹೊರಗಿನಿಂದ ಬಂದದ್ದೇ ಅಲ್ವಾ? ಮೂಲ ‘ಘಟಿಕಾ’. ವೋಲ್ಟ್ ಅಂತೂ ಒಬ್ಬ ಮನುಷ್ಯನ ಹೆಸರು, 1800ರಲ್ಲಿ ತನ್ನ ಬ್ಯಾಟರಿಯ ಸುದ್ದಿ ಜಗತ್ತಿಗೆ ತಿಳಿಸಿದ ಇಟಲಿಯ ವೋಲ್ಟಾ. ಹೆಸರನ್ನೂ ಅನುವಾದ ಮಾಡುತ್ತೀರಾ? ‘ಮೀರೋಟ’ ಕೇಳಿದರೆ ಯಾರೋ ಮನೆ ಬಿಟ್ಟು ಓಡಿಹೋದ ಹಾಗಿದೆ. ಓವರ್‌ಕ್ಲಾಕ್ ಮಾಡುವವನು ಅದನ್ನು ಓವರ್‌ಕ್ಲಾಕ್ ಅಂತಲೇ ಕರೆಯುತ್ತಾನೆ. ಅವನ ಬಾಯಲ್ಲಿರುವುದೇ ಕನ್ನಡ.

———
ಮರು: ಯಾವ ವೋಲ್ಟೇಜ್?

ಜಗಳದ ನಡುವೆ ಒಂದು ಮಾತು. ‘ಕೋರ್’ ಅನ್ನುವ ಪದವನ್ನು ಜಾಗ ಉಳಿಸಲು ಕತ್ತರಿಸಬೇಡಿ. 2023ರಲ್ಲಿ ಎಎಂಡಿಯ ರೈಜೆನ್ 7000 ಎಕ್ಸ್3ಡಿ ಚಿಪ್ಪುಗಳು ಕೆಲವು ಸುಟ್ಟಾಗ 1.3ಕ್ಕೆ ಕಟ್ಟಿಹಾಕಿದ್ದು ಎಸ್‌ಒಸಿ ವೋಲ್ಟೇಜನ್ನು (ಚಿಪ್ಪಿನೊಳಗೇ ಇರುವ ಮೆಮೊರಿ ಕಂಟ್ರೋಲರ್ ಮುಂತಾದ ಭಾಗಗಳದ್ದು), ಕೋರಿನದನ್ನಲ್ಲ. 2024ರಲ್ಲಿ ಇಂಟೆಲ್ ತನ್ನ 13, 14ನೇ ತಲೆಮಾರಿನ ಚಿಪ್ಪುಗಳಿಗೆ ಮೈಕ್ರೋಕೋಡ್ (ಚಿಪ್ಪಿನೊಳಗೆ ಓಡುವ ಪುಟ್ಟ ತಂತ್ರಾಂಶ) ಕಳಿಸಿ 1.55ರ ಮೇಲೆ ಕೇಳದಂತೆ ಮಾಡಿದ್ದು ಕೋರಿನದನ್ನು. ಓವರ್‌ಕ್ಲಾಕ್ ಮಾಡದೆ ಸುಮ್ನೆ ಬಳಸುತ್ತಿದ್ದವರ ಚಿಪ್ಪುಗಳೂ ಅಲ್ಲಿ ಸವೆದಿದ್ದವು. ಎರಡು ಅಂಕಿ ಅದಲುಬದಲಾದರೆ ಓದುಗನ ಚಿಪ್ಪು ಹೋಯಿತು.

ಇನ್ನೊಂದು. ಲೋಡ್, ಅಂದರೆ ಕೆಲಸದ ಭಾರ, ಬಿದ್ದಾಗ ವೋಲ್ಟೇಜ್ ಇಳಿಯುತ್ತದೆ, ಲೋಡ್ ಹೋದ ಗಳಿಗೆ ಮೇಲಕ್ಕೆ ಚಿಮ್ಮುತ್ತದೆ. ಆ ಚಿಮ್ಮು ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಮುಗಿಯುವುದರಿಂದ ಪರದೆಯ ಅಂಕಿಯಲ್ಲಿ ಕಾಣುವುದೇ ಇಲ್ಲ. ಸಹಾಯದ ಪುಟದಲ್ಲಿ ‘ಗೆರೆ ಮುಟ್ಟಬೇಡಿ’ ಅನ್ನಿ. ‘ಗೆರೆ ದಾಟಬೇಡಿ’ ಅಂದರೆ ಜನ ಗೆರೆಯ ಮೇಲೆಯೇ ಕೂರುತ್ತಾರೆ.

———
ಮರು: ಕಳಿಸಿದೆ

ಎಲ್ಲರಿಗೂ ಥ್ಯಾಂಕ್ಸ್. ಫೈಲ್ ಹೋಯಿತು. ಪಟ್ಟಿಯ ತಲೆಯಲ್ಲಿ ‘ಕೋರ್ ವೋಲ್ಟೇಜ್’. ಹಳದಿ ಗೆರೆಗೆ ‘ಬಾಳಿಕೆ ಮಿತಿ’, ಕೆಂಪಿಗೆ ‘ತಾಳಿಕೆ ಮಿತಿ’. ಚೌಕದಲ್ಲಿ ಸರಿಯಾಗಿ ಕೂತವು. ‘ಗೆರೆ ಮುಟ್ಟಬೇಡಿ’ಯನ್ನೂ ಸಹಾಯದ ಪುಟಕ್ಕೆ ಹಾಕಿದ್ದೇನೆ. ಓವರ್‌ಕ್ಲಾಕ್ ಹಾಗೇ ಬಿಟ್ಟೆ.

———
ಮರು: ಮರು: ಕಳಿಸಿದೆ

‘ಮಿತಿ’ ಉಳಿದೇಬಿಟ್ಟಿತಲ್ಲ! ‘ಎಲ್ಲೆ’ಗೂ ಎರಡೇ ಅಕ್ಷರ ಬೇಕಾಗಿದ್ದದ್ದು.